ಜಲಜನಕವಿಲ್ಲದೆ ನಕ್ಷತ್ರ ಆಗುವುದಿಲ್ಲವೇ ಎಂದು ಮಕ್ಕಳು ಕೇಳಿದರೆ

"ಆಗುವುದಿಲ್ಲ, ಕೂತುಕೋ" ಎಂದು ಹೇಳಿ ತಪ್ಪು ಮಾಡಿದವಳು ನಾನೇ. ಒಂಬತ್ತನೇ ತರಗತಿಯವರನ್ನು ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯಕ್ಕೆ ಕರೆದುಕೊಂಡು ಹೋಗಿ ಬಂದ ಮರುದಿನ ಅದು. ಸೂರ್ಯನ ರೇಡಿಯೋ ಅಲೆ ಹಿಡಿಯುವ ಆಂಟೆನಾ ಸಾಲುಗಳನ್ನು ನೋಡಿ ಬಂದ ಹುಡುಗಿಯೊಬ್ಬಳು, "ಮೇಡಂ, ಬರೀ ಹೀಲಿಯಂ ಗುಡ್ಡೆ ಹಾಕಿದರೆ ಸೂರ್ಯ ಆಗುವುದಿಲ್ಲವೇ?" ಎಂದಳು. ಪಾಠ ಮುಗಿಸುವ ಅವಸರದಲ್ಲಿ ಅವಳ ಬಾಯಿ ಮುಚ್ಚಿಸಿದೆ. ರಾತ್ರಿ ಕುಳಿತು ಯೋಚಿಸಿದಾಗ ಅವಳೇ ಸರಿ ಅನ್ನಿಸಿ, ಮರುದಿನ ಮಾತು ವಾಪಸ್ ತೆಗೆದುಕೊಂಡೆ. ಈಗ ಇದಕ್ಕೆಂದೇ ಒಂದು ಪೀರಿಯಡ್ ಇಡುತ್ತೇನೆ. ನೀವೂ ವಿಜ್ಞಾನ ಕಲಿಸುವವರಾದರೆ ಹೀಗೆ ಮಾಡಿ ನೋಡಿ.

ಮೊದಲು ಹಲಗೆಯ ಮೇಲೆ ಎರಡು ಮಾತು ಬರೆಯಿರಿ: ಹುಟ್ಟುವುದು, ಬಾಳುವುದು. ಗೊಂದಲವೆಲ್ಲ ಇವೆರಡನ್ನು ಒಂದೇ ಎಂದುಕೊಳ್ಳುವುದರಿಂದ ಬರುತ್ತದೆ. ಹುಟ್ಟುವುದು ಗುರುತ್ವದ ಕೆಲಸ. ಗುರುತ್ವಕ್ಕೆ ರಾಶಿ ಎಷ್ಟಿದೆ ಎಂಬುದಷ್ಟೇ ಲೆಕ್ಕ. ಸಾಕಷ್ಟು ದೊಡ್ಡದಾದ, ತಣ್ಣಗಿನ ಮೋಡ ಯಾವ ಧಾತುವಿನದಾದರೂ ಕುಸಿಯುತ್ತದೆ, ಕುಸಿಯುತ್ತಾ ಬಿಸಿಯಾಗಿ ಹೊಳೆಯುತ್ತದೆ. ಇಂಗಾಲ, ಆಮ್ಲಜನಕ ಬೆರೆತಿದ್ದರೆ ಮೋಡ ಬೇಗ ತಣ್ಣಗಾಗುವುದರಿಂದ ಕುಸಿತ ಇನ್ನೂ ಸಲೀಸು. ಹಾಗಾದರೆ ನಕ್ಷತ್ರಗಳೆಲ್ಲ ಜಲಜನಕದವೇ ಏಕೆ? ನಮ್ಮ ಕಡೆ ಮುದ್ದೆ ರಾಗಿಯದೇ ಏಕೆ? ಹೊಲದಲ್ಲಿ ಬೆಳೆದದ್ದು ಅದು. ಮಹಾಸ್ಫೋಟ ಬಿಟ್ಟುಹೋದ ದ್ರವ್ಯದಲ್ಲಿ ತೂಕದ ಲೆಕ್ಕಕ್ಕೆ ಮುಕ್ಕಾಲು ಪಾಲು ಜಲಜನಕ, ಹೆಚ್ಚುಕಡಿಮೆ ಕಾಲು ಪಾಲು ಹೀಲಿಯಂ.

ಬಾಳುವುದಕ್ಕೆ ಸಮ್ಮಿಳನ ಬೇಕು, ಎಂದರೆ ಪರಮಾಣುಗಳ ಬೀಜಗಳು (ನ್ಯೂಕ್ಲಿಯಸ್) ಒಂದಕ್ಕೊಂದು ಬೆಸೆದು ಶಕ್ತಿ ಬಿಡಬೇಕು. ಇಲ್ಲಿ "ಉರಿಯುತ್ತದೆ" ಎನ್ನಬೇಡಿ, ಅಂದರೆ "ಅಲ್ಲಿ ಆಮ್ಲಜನಕ ಎಲ್ಲಿಂದ ಬಂತು?" ಎಂಬ ಪ್ರಶ್ನೆಗೆ ಅರ್ಧ ಪೀರಿಯಡ್ ಹೋಗುತ್ತದೆ. ಗುಜರಿ ಅಂಗಡಿಯಿಂದ ಹಳೆಯ ಸ್ಪೀಕರ್‌ಗಳ ನಾಲ್ಕು ಬಳೆಯಾಕಾರದ ಅಯಸ್ಕಾಂತ ತನ್ನಿ, ಒಂದೇ ಅಳತೆಯವು. ಮರದ ಕೋಲಿಗೆ ಒಂದನ್ನು ತೊಡಿಸಿ, ಅದರ ಮೇಲೆ ಇನ್ನೊಂದನ್ನು ಸಜಾತಿ ಧ್ರುವಗಳು ಎದುರಾಗುವಂತೆ ಬಿಡಿ. ಮೇಲಿನದು ತೇಲುತ್ತದೆ. ಒಬ್ಬೊಬ್ಬರಾಗಿ ಬಂದು ಬೆರಳಿನಿಂದ ಒತ್ತಲಿ. ಆಮೇಲೆ ಕೆಳಗೆರಡು, ಮೇಲೆರಡು ಜೋಡಿಸಿ ಮತ್ತೆ ಒತ್ತಿಸಿ. ಈ ಸಲ ಅಂಗೈಯೇ ಬೇಕಾಗುತ್ತದೆ. ಕೋಲಿಲ್ಲದೆ ಆಡಲು ಬಿಡಬೇಡಿ. ಒಬ್ಬ ಹುಡುಗನ ಬೆರಳು ಎರಡರ ನಡುವೆ ಸಿಕ್ಕಿ ರಕ್ತ ಹೆಪ್ಪುಗಟ್ಟಿತ್ತು.

ಅಯಸ್ಕಾಂತ ಬರೀ ಹೋಲಿಕೆ. ನಿಜವಾದ ತಳ್ಳಾಟ ಪ್ರೋಟಾನುಗಳದು. ಎದುರಾಗುವ ಬೀಜಗಳ ಪ್ರೋಟಾನು ಸಂಖ್ಯೆ ಗುಣಿಸಿ ಬರೆಯಿರಿ: ಜಲಜನಕಕ್ಕೆ 1, ಹೀಲಿಯಂಗೆ 4, ಇಂಗಾಲಕ್ಕೆ 36, ಕಬ್ಬಿಣಕ್ಕೆ 676. ತಳ್ಳಾಟ ಹೆಚ್ಚಿದಷ್ಟೂ ಕಾವು ಹೆಚ್ಚು ಬೇಕು. ಜಲಜನಕಕ್ಕೆ ಸುಮಾರು 1 ಕೋಟಿ ಡಿಗ್ರಿ ಸಾಕು, ಹೀಲಿಯಂಗೆ ಸುಮಾರು 10 ಕೋಟಿ, ಇಂಗಾಲಕ್ಕೆ 50 ಕೋಟಿಗೂ ಮೇಲೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮುಂದಿನ ಕಳೆಯುವ ಲೆಕ್ಕ. ಕ್ಯಾಲ್ಕುಲೇಟರ್ ಕೊಡಬೇಡಿ. ಜಲಜನಕದ ಪರಮಾಣು ರಾಶಿ 1.00783, ನಾಲ್ಕು ಸೇರಿದರೆ 4.03132. ಹೀಲಿಯಂ 4.00260 ಮಾತ್ರ. 0.02872 ಎಲ್ಲಿ ಹೋಯಿತು? ಮಕ್ಕಳು ಮೊದಲು ತಮ್ಮ ಲೆಕ್ಕವೇ ತಪ್ಪಿರಬೇಕೆಂದು ಅಳಿಸಿ ಮತ್ತೆ ಮಾಡುತ್ತಾರೆ. ಮಾಡಲಿ, ಕಾಯಿರಿ. ಎರಡನೇ ಸಲವೂ ಅದೇ ಉತ್ತರ ಬಂದಾಗ ಕಿಟಕಿಯಿಂದ ಬೀಳುವ ಬಿಸಿಲನ್ನು ತೋರಿಸಿ. ಈಗ ಮೂರು ಹೀಲಿಯಂ: 12.00780, ಆಗುವ ಇಂಗಾಲ 12.00000. ಮೊದಲನೆಯದರಲ್ಲಿ ಶೇಕಡಾ 0.7 ಬೆಳಕಾಯಿತು, ಎರಡನೆಯದರಲ್ಲಿ ಬರೀ 0.065. ಹನ್ನೊಂದರಲ್ಲಿ ಒಂದು ಪಾಲು.

ಆದಾಯ ಕಡಿಮೆ, ಖರ್ಚೋ ವಿಪರೀತ. ಸೂರ್ಯನಷ್ಟೇ ರಾಶಿಯ ಹೀಲಿಯಂ ನಕ್ಷತ್ರ ಸೂರ್ಯನ ನೂರಾರು ಪಟ್ಟು ಬೆಳಗಿ ಒಂದೆರಡು ಕೋಟಿ ವರ್ಷಗಳಲ್ಲಿ ಮುಗಿದುಹೋಗುತ್ತದೆ. ಸೂರ್ಯನ ಆಯಸ್ಸು 1,000 ಕೋಟಿ. ಅಂಥವು ಕಲ್ಪನೆಯಲ್ಲ. ಜೋಡಿ ನಕ್ಷತ್ರ ಹೊರಗಿನ ಜಲಜನಕವನ್ನು ಎಳೆದುಕೊಂಡ ಮೇಲೆ ಉಳಿದ ಹೀಲಿಯಂ ತಿರುಳುಗಳು ಆಕಾಶದಲ್ಲಿ ಸಿಕ್ಕಿವೆ.

"ಕಬ್ಬಿಣ ಗುಡ್ಡೆ ಹಾಕಿದರೆ?" ಎಂದು ಹಿಂದಿನ ಬೆಂಚಿನಿಂದ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದೂ ಕುಗ್ಗುತ್ತಾ ಸ್ವಲ್ಪ ಕಾಲ ಹೊಳೆಯುತ್ತದೆ. ಆದರೆ ಕಬ್ಬಿಣಕ್ಕೆ ಕಬ್ಬಿಣ ಬೆಸೆದರೆ ಶಕ್ತಿ ಹುಟ್ಟುವುದಿಲ್ಲ, ನಾವೇ ಕೊಡಬೇಕು. ಹಾಗಾಗಿ ತಣ್ಣಗಾಗಿ ನಂದುತ್ತದೆ. ಸೂರ್ಯನ ಒಂದೂವರೆ ಪಟ್ಟು ಮೀರಿದ್ದರೆ ತನ್ನ ಭಾರ ತಾನೇ ತಾಳದೆ ಕುಸಿಯುತ್ತದೆ. ಇದನ್ನು ತೋರಿಸಲು ನನ್ನ ಹತ್ತಿರ ಅಯಸ್ಕಾಂತವೂ ಇಲ್ಲ, ಸಮಯವೂ ಇರುವುದಿಲ್ಲ. ಅಷ್ಟರಲ್ಲಿ ಗಂಟೆ ಹೊಡೆದಿರುತ್ತದೆ.