ರೋಸ್‌ಹಿಪ್ ಸಿರಪ್: ಹಿಂಡಬೇಡಿ, ತೊಟ್ಟಿಕ್ಕಲು ಬಿಡಿ

ಕಾಡುಗುಲಾಬಿಯ ಹೂವು ಉದುರಿದ ಮೇಲೆ ಗಿಡದಲ್ಲಿ ಉಳಿಯುವ ಕೆಂಪು ಹಣ್ಣೇ ರೋಸ್‌ಹಿಪ್. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್‌ಗೆ ಕಿತ್ತಳೆ ಬರುವುದು ಕಡಿಮೆಯಾದಾಗ, ಮಕ್ಕಳಿಗೆ ವಿಟಮಿನ್ ಸಿ ಸಿಗಲೆಂದು ಜನ ಬೇಲಿ ಬೇಲಿ ಸುತ್ತಿ ಇದನ್ನು ಕಿತ್ತು ತಂದರು. ಇದರ ಸಿರಪ್ ಮಾಡುವುದು ಕಷ್ಟವಲ್ಲ. ಆದರೆ ಮೊದಲ ಸಲ ಮಾಡುವವರೆಲ್ಲ ಸೋಸುವಾಗ ಎಡವುವುದನ್ನು ನೋಡಿದ್ದೇನೆ.

ಪೂರ್ತಿ ಕೆಂಪಾದ, ಒತ್ತಿದರೆ ತುಸು ಮೆತ್ತಗಾಗುವ 1 ಕೆಜಿ ಹಣ್ಣು ಕೀಳಿ. ರಸ್ತೆ ಪಕ್ಕದ ಗಿಡ, ಔಷಧಿ ಹೊಡೆದ ಗಿಡ ಬೇಡ. ಗುರುತು ಖಾತ್ರಿಯಿಲ್ಲದ ಗಿಡವನ್ನಂತೂ ಮುಟ್ಟಲೇಬೇಡಿ.

2 ಲೀಟರ್ ನೀರನ್ನು ಮೊದಲೇ ಕುದಿಸಿಟ್ಟುಕೊಳ್ಳಿ. ಹಣ್ಣನ್ನು ಜಜ್ಜಿದ ಕೂಡಲೇ ಕುದಿಯುವ ನೀರಿಗೆ ಹಾಕಿ. ಜಜ್ಜಿಟ್ಟು ಬೇರೆ ಕೆಲಸಕ್ಕೆ ಹೋದರೆ ಗಾಳಿ ತಾಗಿ ವಿಟಮಿನ್ ಸಿ ಹಾಳಾಗುತ್ತಾ ಹೋಗುತ್ತದೆ. ಪಾತ್ರೆ ಸ್ಟೀಲಿನದೇ ಇರಲಿ, ಅಲ್ಯೂಮಿನಿಯಂ ಬೇಡ. ಮತ್ತೆ ಕುದಿ ಬಂದೊಡನೆ ಇಳಿಸಿ, 15 ನಿಮಿಷ ಮುಚ್ಚಿಡಿ.

ಈಗ ಸೋಸುವ ಕೆಲಸ. ಒಂದು ಹಣ್ಣನ್ನು ಸೀಳಿ ನೋಡಿ. ಬೀಜದ ಸುತ್ತ ಸುಂಕಿನಂಥ ಸಣ್ಣ ಕೂದಲು ಒತ್ತಾಗಿ ತುಂಬಿರುತ್ತದೆ. ಅದು ಸಿರಪ್‌ಗೆ ಇಳಿದರೆ ಬಾಯಿ, ಗಂಟಲು ಎಲ್ಲ ಕೆರೆತ. ಟೀ ಜರಡಿಯಲ್ಲಿ ಈ ಕೂದಲು ನಿಲ್ಲುವುದಿಲ್ಲ. ಒತ್ತು ನೇಯ್ಗೆಯ ಹತ್ತಿ ಬಟ್ಟೆಯನ್ನು ಕುದಿಸಿ, ಎರಡು ಮಡಿಕೆ ಮಾಡಿ, ಪಾತ್ರೆಯ ಮೇಲೆ ಕಟ್ಟಿ ಸುರಿಯಿರಿ. ಮೊದಲು ಇಳಿದ ಅರ್ಧ ಲೋಟ ರಸದಲ್ಲಿ ಕೂದಲು ಜಾಸ್ತಿ, ಅದನ್ನು ಮತ್ತೆ ಬಟ್ಟೆಗೇ ಹಾಕಿ. ಆಮೇಲೆ ಸುಮ್ನೆ ಬಿಟ್ಟುಬಿಡಿ. ರಸ ಹನಿಹನಿಯಾಗಿ ಇಳಿಯುತ್ತದೆ, ಹೊತ್ತು ಹಿಡಿಯುತ್ತದೆ. ಬೇಗ ಆಗಲಿ ಅಂತ ಬಟ್ಟೆ ಹಿಂಡಬೇಡಿ. ಹಿಂಡಿದರೆ ತಡೆದಿಟ್ಟ ಕೂದಲೆಲ್ಲ ರಸಕ್ಕೇ ಬರುತ್ತದೆ, ಪಟ್ಟ ಪಾಡೆಲ್ಲ ವ್ಯರ್ಥ ಅಲ್ವಾ? ಉಳಿದ ಗಷ್ಟನ್ನು 1 ಲೀಟರ್ ನೀರಿನಲ್ಲಿ ಇನ್ನೊಮ್ಮೆ ಕುದಿಸಿ, ಹೀಗೇ ಸೋಸಿ. ಕೊನೆಗೆ ಎರಡೂ ರಸ ಸೇರಿಸಿ, ಒಗೆದು ಕುದಿಸಿದ ಬೇರೆ ಬಟ್ಟೆಯಲ್ಲಿ ಪುನಃ ಸೋಸಿ. ಈ ಕೊನೆಯ ಸುತ್ತನ್ನು ನಾನು ಯಾವತ್ತೂ ಬಿಡುವುದಿಲ್ಲ.

ರಸ ಸುಮಾರು 1 ಲೀಟರ್‌ಗೆ ಇಳಿಯುವವರೆಗೆ ಕಾಯಿಸಿ, 650 ಗ್ರಾಂ ಸಕ್ಕರೆ ಹಾಕಿ, 5 ನಿಮಿಷ ಕುದಿಸಿ. ಕೆಲವರು ಸಕ್ಕರೆ ಬದಲು ಜೇನು ಹಾಕುತ್ತಾರೆ. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಜೇನು ಹಾಕಿದ್ದನ್ನು ಕೊಡಲೇಬಾರದು.

ಇದೇ ಬಟ್ಟೆಯಲ್ಲಿ ಎಲ್ಡರ್‌ಬೆರಿ ಎಂಬ ಸಣ್ಣ ಕಪ್ಪು ಹಣ್ಣಿನ ಸಿರಪ್ಪನ್ನೂ ಸೋಸಬಹುದು. ಅದರ ತೊಟ್ಟು, ಎಲೆ, ಹಸಿ ಹಣ್ಣು ವಿಷಕಾರಿ. ತೊಟ್ಟೆಲ್ಲ ಬಿಡಿಸಿ, ಕಪ್ಪಗೆ ಮಾಗಿದ ಹಣ್ಣನ್ನು ಚೆನ್ನಾಗಿ ಬೇಯಿಸಿಯೇ ಬಳಸಿ.

ಕುದಿಸಿ ಒಣಗಿಸಿದ ಗಾಜಿನ ಬಾಟಲಿಗೆ ಬಿಸಿ ಇರುವಾಗಲೇ ತುಂಬಿ, ಆರಿದ ಮೇಲೆ ಫ್ರಿಜ್‌ನಲ್ಲಿಡಿ. ದೊಡ್ಡ ಬಾಟಲಿ ಒಂದಕ್ಕಿಂತ ಚಿಕ್ಕವು ನಾಲ್ಕು ಮೇಲು, ತೆರೆದದ್ದನ್ನು ಒಂದೆರಡು ವಾರದಲ್ಲಿ ಮುಗಿಸಬೇಕಲ್ಲ. ಮುಚ್ಚಳ ತೆಗೆದಾಗ ಗುಳ್ಳೆ ಎದ್ದರೆ, ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ.