ಸ್ಟೀರಾಯ್ಡ್ ಪಂಪು ಯಾರಿಗೆ ಬೇಕು? ನಾನು ನೋಡುವ ಒಂದು ಲೆಕ್ಕ

ಕಲಬುರಗಿ ಕಡೆಯ ನನ್ನ ಕ್ಲಿನಿಕ್‌ಗೆ ಬರುವ ಸಿಒಪಿಡಿ (ಶ್ವಾಸನಾಳ ಕಿರಿದಾಗಿ ದಮ್ಮು ಕಟ್ಟುವ ದೀರ್ಘಕಾಲದ ಕಾಯಿಲೆ) ರೋಗಿಗಳಲ್ಲಿ ವರ್ಷಗಟ್ಟಲೆ ಬೀಡಿ ಸೇದಿದ ಗಂಡಸರಿದ್ದಾರೆ. ಬೀಡಿ ಮುಟ್ಟದೆ ಸೌದೆ ಒಲೆಯ ಹೊಗೆ ಕುಡಿದ ಹೆಂಗಸರೂ ಇದ್ದಾರೆ. ಹೆಚ್ಚಿನವರ ಕೈಯಲ್ಲಿ ಆಗಲೇ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಸೇರಿದ ಪಂಪು, ಅಂದರೆ ಇನ್‌ಹೇಲರ್, ಇರುತ್ತದೆ. ಎಲ್ಲರಿಗೂ ಅದು ಬೇಕಿಲ್ಲ.

ಹೊಗೆ ತಾಗಿದ ಶ್ವಾಸಕೋಶದ ಜೀವಕೋಶಗಳು ಇಂಟರ್‌ಲ್ಯೂಕಿನ್-8 ಎಂಬ ಅಣುವನ್ನು ಬಿಡುತ್ತವೆ. ಅದರ ಕರೆಗೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಓಡಿ ಬರುತ್ತವೆ. ಅವು ಸುರಿಸುವ ಎಲಾಸ್ಟೇಸ್ ಕಿಣ್ವ ಗಾಳಿಚೀಲಗಳನ್ನು ಹಿಗ್ಗಿಸಿ ಕುಗ್ಗಿಸುವ ಎಳೆಗಳನ್ನೇ ಕಡಿಯುತ್ತದೆ. ಈ ಉರಿಯೂತ ಸ್ಟೀರಾಯ್ಡ್‌ಗೆ ಅಷ್ಟಾಗಿ ಬಗ್ಗುವುದಿಲ್ಲ. ಕೆಲವರಲ್ಲಿ ಮಾತ್ರ ಇಂಟರ್‌ಲ್ಯೂಕಿನ್-5 ಬೆಳೆಸುವ ಇಯೋಸಿನೋಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ಕಣಗಳೂ ಜಾಸ್ತಿ. ಸ್ಟೀರಾಯ್ಡ್ ನಾಟುವುದು ಇಂಥವರಿಗೆ.

ಈ ಅಣುಗಳನ್ನು ಅಳೆಯುವ ಲ್ಯಾಬ್ ನನ್ನಲ್ಲಿಲ್ಲ. ರಕ್ತಕಣಗಳನ್ನು ಎಣಿಸುವ ಸಾಮಾನ್ಯ ಸಿಬಿಸಿ ಪರೀಕ್ಷೆ ಸಾಕು. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಟ್ಟು ಬಿಳಿ ಕಣ 7,200, ಅದರಲ್ಲಿ ಇಯೋಸಿನೋಫಿಲ್ ಶೇ. 5 ಇದ್ದರೆ 360 ಆಯಿತು. 300 ಮುಟ್ಟಿದ್ದು, ದಮ್ಮು ಪದೇ ಪದೇ ಕೆರಳುತ್ತಿದ್ದರೆ ಸ್ಟೀರಾಯ್ಡ್ ಸೇರಿಸುತ್ತೇನೆ. 100ಕ್ಕಿಂತ ಕಡಿಮೆಯಿದ್ದರೆ ಶ್ವಾಸನಾಳ ಹಿಗ್ಗಿಸುವ ಔಷಧಿ ಮಾತ್ರ. ಸುಮ್ನೆ ಸ್ಟೀರಾಯ್ಡ್ ಕೊಟ್ಟರೆ ನ್ಯುಮೋನಿಯಾ ಭಯ ಹೆಚ್ಚುತ್ತದೆ. ನಡುವೆ ಬಂದರೆ, ಹೋದ ವರ್ಷ ಎಷ್ಟು ಸಲ ಕೆರಳಿತ್ತು ಅಂತ ಕೇಳಿ ತೀರ್ಮಾನಿಸುತ್ತೇನೆ.

ಆದರೆ ಈ ಲೆಕ್ಕ ದಾರಿ ತಪ್ಪಿಸಲೂಬಹುದು. ಹೊಟ್ಟೆಹುಳ, ಆನೆಕಾಲು ರೋಗದ ಹುಳ ಎರಡೂ ಇಯೋಸಿನೋಫಿಲ್ ಏರಿಸುತ್ತವೆ. ಎಣಿಕೆ ಸಾವಿರಗಟ್ಟಲೆ ಬಂದರೆ ಮೊದಲು ಹುಳ ಹುಡುಕುತ್ತೇನೆ. ಇನ್ನು ಎಣಿಕೆ ಬೀಳಿಸುವುದು ಮೆಡಿಕಲ್ ಅಂಗಡಿಯಿಂದ ತಾವೇ ತಂದು ನುಂಗುವ ಮಾತ್ರೆ. ಒಬ್ಬ ಅಜ್ಜಿಯ ವರದಿಯಲ್ಲಿ ಇಯೋಸಿನೋಫಿಲ್ ಸೊನ್ನೆ.

"ಯವ್ವಾ, ಮೆಡಿಕಲ್‌ನಿಂದ ಏನಾದ್ರೂ ತಗೊಂಡೀರೇನು?"

"ಸಣ್ಣ ಬಿಳಿ ಗುಳಿಗಿ ರೀ ಡಾಕ್ಟ್ರೇ. ನುಂಗಿದ್ರ ಹಸಿವು ಭಾಳ ಆಗ್ತದ."

ಹಸಿವು ಅಂದಾಗಲೇ ನನಗೆ ಹೊಳೆಯಿತು. ಅದು ಪ್ರೆಡ್ನಿಸೊಲೋನ್, ಅಂದರೆ ಸ್ಟೀರಾಯ್ಡೇ. ಅದು ಒಂದೇ ದಿನದಲ್ಲಿ ಈ ಕಣಗಳನ್ನು ರಕ್ತದಿಂದ ಮರೆಮಾಡುತ್ತದೆ. ಅಂಥ ವರದಿಯನ್ನು ನಂಬದೆ, ಮಾತ್ರೆ ಮುಗಿದು ಕೆಲವು ವಾರದ ಮೇಲೆ ಮತ್ತೆ ರಕ್ತ ತೆಗೆಸುತ್ತೇನೆ.

ಆಸ್ತಮಾ ಇರುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅವರಿಗೆ ಸ್ಟೀರಾಯ್ಡ್ ಪಂಪು ಬೇಕೇ ಬೇಕು, ತಾವಾಗಿ ನಿಲ್ಲಿಸಬಾರದು.

2024ರಲ್ಲಿ ಅಮೆರಿಕದಲ್ಲಿ ಸಿಒಪಿಡಿಗೆ ಒಪ್ಪಿಗೆ ಪಡೆದ ಡುಪಿಲುಮ್ಯಾಬ್ ಚುಚ್ಚುಮದ್ದು ಇಂಟರ್‌ಲ್ಯೂಕಿನ್-4 ಮತ್ತು 13ರ ಕೆಲಸ ತಡೆಯುತ್ತದೆ. ಅದೂ ಇಯೋಸಿನೋಫಿಲ್ ಹೆಚ್ಚಿರುವವರಿಗೇ. ಬೆಲೆ ನನ್ನ ರೋಗಿಗಳ ಕೈಗೆಟುಕುವುದಿಲ್ಲ. ನ್ಯೂಟ್ರೋಫಿಲ್ ಗುಂಪಿನವರಿಗೆ ಅಂಥ ಮದ್ದು ಇನ್ನೂ ಬಂದಿಲ್ಲ ಅನ್ನುವುದೇ ನನ್ನ ದೊಡ್ಡ ಸಂಕಟ. ಅದಕ್ಕೇ ಅವರ ಮನೆಯ ಒಲೆ, ಗ್ಯಾಸ್ ಸಿಲಿಂಡರ್, ಬೀಡಿಯ ವಿಷಯ ಪ್ರತಿ ಭೇಟಿಯಲ್ಲೂ ಕೇಳುತ್ತೇನೆ.