ನಾಲ್ಕು ಊರ ಹೆಸರಿನಲ್ಲಿ ಅಕ್ಷರಚಿತ್ರದ ಪಾಠ

ಪ್ರೌಢಶಾಲೆಯ ಮಕ್ಕಳು ಗುಡ್ಡ, ಸೂರ್ಯ, ತೆಂಗಿನ ಮರ ಬಿಡಿಸಿ ಬಣ್ಣ ತುಂಬುವುದನ್ನು ಬೇಗ ಕಲಿಯುತ್ತಾರೆ. ಅದೇ ಚಿತ್ರದ ಕೆಳಗೆ ‘ನಮ್ಮ ಊರು’ ಎಂದು ಬರೆಯಲು ಹೇಳಿದರೆ ಕೈ ತಡವರಿಸುತ್ತದೆ. ‘ನ’ ದೊಡ್ಡದಾಗಿ ಆರಂಭವಾಗುತ್ತದೆ, ‘ರು’ ಬರುವಷ್ಟರಲ್ಲಿ ಹಾಳೆಯೇ ಮುಗಿದಿರುತ್ತದೆ. ಚಿತ್ರ ಬೇರೆ, ಅಕ್ಷರ ಬೇರೆ ಎಂದು ಕಲಿಸುತ್ತಾ ಬಂದುದರ ಫಲ ಇದು. ಅಕ್ಷರವೂ ಒಂದು ಆಕಾರ. ಚರಗಿಯನ್ನು ಅಳೆಯುವ ಕಣ್ಣೇ ‘ಗ’ವನ್ನೂ ಅಳೆಯಬೇಕು. ಎರಡನ್ನೂ ಒಟ್ಟಿಗೆ ಕಲಿಯುವ ಕ್ರಮವೊಂದನ್ನು ಇಲ್ಲಿ ವಿವರಿಸಿದ್ದೇನೆ. ಎಂಟು, ಒಂಬತ್ತನೇ ತರಗತಿಯವರಿಗೆ ಇದು ಸಾಕು.

ಬೇಕಾದ ಸಾಮಗ್ರಿ ಸ್ವಲ್ಪವೇ. ಎಚ್‌ಬಿ, 2ಬಿ, 4ಬಿ ಪೆನ್ಸಿಲ್‌ಗಳು, ರಬ್ಬರ್, 30 ಸೆಂಟಿಮೀಟರ್ ಸ್ಕೇಲ್, ಡ್ರಾಯಿಂಗ್ ಶೀಟ್ ಮತ್ತು ಎರಡು ರಬ್ಬರ್ ಬ್ಯಾಂಡ್. ಪೆನ್ಸಿಲ್ ಮೇಲೆ ‘ಬಿ’ಯ ಅಂಕಿ ಹೆಚ್ಚಿದಷ್ಟೂ ಸೀಸ ಮೆದು, ಗೆರೆ ಕಪ್ಪು. ಬಣ್ಣದ ಡಬ್ಬಿಯನ್ನು ಸದ್ಯಕ್ಕೆ ಚೀಲದಲ್ಲೇ ಇಡಿ.

ಮೊದಲು ಒಂದು ಚರಗಿ

ಮನೆಯಿಂದ ಒಂದು ಚರಗಿ ತನ್ನಿ. ಕಿಟಕಿಯ ಬೆಳಕು ಒಂದೇ ಪಕ್ಕದಿಂದ ಬೀಳುವಂತೆ ಮೇಜಿನ ಮೇಲಿಟ್ಟು, ನಾಲ್ಕೈದು ಅಡಿ ದೂರ ಕುಳಿತುಕೊಳ್ಳಿ. ಒಂದು ಕಣ್ಣು ಮುಚ್ಚಿ, ಮೊಣಕೈ ಮಡಚದೆ ಪೆನ್ಸಿಲನ್ನು ಮುಂದಕ್ಕೆ ಹಿಡಿಯಿರಿ. ಪೆನ್ಸಿಲ್ ತುದಿಯನ್ನು ಚರಗಿಯ ಬಾಯಿಯ ಎಡ ಅಂಚಿಗೆ ತಾಗಿದಂತೆ ಇಟ್ಟು, ಬಲ ಅಂಚು ಕಾಣುವ ಕಡೆಗೆ ಹೆಬ್ಬೆರಳು ಸರಿಸಿ. ಅದೇ ಅಳತೆ ಚರಗಿಯ ಎತ್ತರದಲ್ಲಿ ಎಷ್ಟು ಬಾರಿ ಕೂರುತ್ತದೆ, ಹೊಟ್ಟೆಯ ಅಗಲದಲ್ಲಿ ಎಷ್ಟು ಬಾರಿ ಕೂರುತ್ತದೆ ಎಂದು ನೋಡಿಕೊಳ್ಳಿ. ಮೊಣಕೈ ಮಡಚಿದರೆ ಪ್ರತಿ ಸಲವೂ ಬೇರೆ ಅಳತೆ ಬರುತ್ತದೆ. ತರಗತಿಯಲ್ಲಿ ಮುಕ್ಕಾಲು ಪಾಲು ತಪ್ಪು ಆಗುವುದು ಇಲ್ಲಿಯೇ.

ಈಗ ಹಾಳೆಯ ನಡುವೆ ಎಚ್‌ಬಿಯಿಂದ ತೆಳುವಾದ ನೇರ ಗೆರೆ ಎಳೆಯಿರಿ. ಚರಗಿಯ ಎಡಬಲಗಳು ಈ ಗೆರೆಯಿಂದ ಸಮ ದೂರದಲ್ಲಿರಬೇಕು. ಬಾಯಿ ದುಂಡಗಿದ್ದರೂ ನಿಮಗೆ ಕಾಣುವುದು ಅಂಡಾಕಾರ. ಚರಗಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ: ಬಾಯಿ ಬರೀ ಒಂದು ಗೆರೆಯಾಗುತ್ತದೆ. ನಿಧಾನವಾಗಿ ಕೆಳಗಿಳಿಸಿ: ಗೆರೆ ತೆರೆದುಕೊಂಡು ಅಂಡಾಕಾರವಾಗುತ್ತದೆ, ಇಳಿಸಿದಷ್ಟೂ ಇನ್ನಷ್ಟು ದುಂಡಾಗುತ್ತದೆ. ತಳ ಬಾಯಿಗಿಂತ ಕೆಳಗಿರುವುದರಿಂದ ತಳದ ಅಂಚು ಬಾಯಿಗಿಂತಲೂ ಹೆಚ್ಚು ಬಾಗಿರಬೇಕು. ಮಕ್ಕಳು ಬಾಯಿಯನ್ನು ದುಂಡಗೆ ಬಿಡಿಸಿ ತಳವನ್ನು ಸ್ಕೇಲಿನಿಂದ ಎಳೆದಂತೆ ಸಪಾಟು ಮಾಡುತ್ತಾರೆ. ಚರಗಿ ಮೇಜಿನ ಮೇಲೆ ಕೂರದಂತೆ ಕಾಣಲು ಅದೇ ಕಾರಣ. ಅಂಡಾಕಾರದ ಎರಡು ತುದಿಗಳು ಚೂಪಾಗಲೂಬಾರದು.

ನೆರಳಿಗೆ 2ಬಿ, 4ಬಿ ಬಳಸಿ. ಬೆಳಕು ನೇರ ಬೀಳುವ ಕಡೆ ಹಾಳೆಯನ್ನು ಬಿಳಿಯಾಗಿಯೇ ಬಿಡಿ. ಅತಿ ಕಡು ನೆರಳು ಚರಗಿಯ ಅಂಚಿನಲ್ಲಿ ಇರುವುದಿಲ್ಲ, ಅಂಚಿನಿಂದ ಸ್ವಲ್ಪ ಒಳಗಿರುತ್ತದೆ. ಮೇಜಿನಿಂದ ಮರಳುವ ಬೆಳಕು ಅಂಚನ್ನು ತುಸು ತಿಳಿಯಾಗಿಸುತ್ತದೆ. ಬೆರಳಿನಿಂದ ಉಜ್ಜಿ ನೆರಳು ಹರಡಬೇಡಿ. ಚಿತ್ರ ಮಸುಕಾಗುತ್ತದೆ, ಜೊತೆಗೆ ಗೆರೆಯ ಮೇಲಿನ ಹಿಡಿತವೂ ಬೆಳೆಯುವುದಿಲ್ಲ.

ಅನುಪಾತ ಕಲಿಯಲು ರಾಷ್ಟ್ರಧ್ವಜ ಒಳ್ಳೆಯ ಅಭ್ಯಾಸ. ಅಗಲ ಮತ್ತು ಎತ್ತರ 3:2, ಚಕ್ರದಲ್ಲಿ 24 ಅರೆಗಳು, ಅಂದರೆ ಒಂದೊಂದರ ನಡುವೆ 15 ಡಿಗ್ರಿ. ಖಾದಿ ಧ್ವಜ ತಯಾರಾಗುವ ಬೆಂಗೇರಿ ಹುಬ್ಬಳ್ಳಿಯಲ್ಲೇ ಇದೆ. ಇಲ್ಲಿನ ಮಕ್ಕಳು ಧ್ವಜವನ್ನು ಅಂದಾಜಿನಲ್ಲಿ ಬಿಡಿಸಬಾರದು.

ಮೂರು ಪಟ್ಟಿ

ಅಕ್ಷರಕ್ಕೆ ಬರೋಣ. ನೋಟ್‌ಬುಕ್ಕಿನಲ್ಲಿ ಒಂದು ಸಾಲಿನ ಮೇಲೆ ಬರೆದು ರೂಢಿಯಾದವರು ಇಲ್ಲಿ ಮೂರು ಪಟ್ಟಿ ಹಾಕಿಕೊಳ್ಳಬೇಕು. ನಡುವಿನ ಪಟ್ಟಿ 4 ಸೆಂಟಿಮೀಟರ್, ಅಕ್ಷರದ ಮೈಗೆ. ಮೇಲಿನದು 2 ಸೆಂಟಿಮೀಟರ್, ತಲೆಕಟ್ಟು, ಗುಡಿಸು, ಏತ್ವಗಳಿಗೆ. ಕೆಳಗಿನದು ಎರಡೂವರೆ ಸೆಂಟಿಮೀಟರ್, ಒತ್ತಕ್ಷರಕ್ಕೆ. ಇಂಗ್ಲಿಷ್ ಕಾಪಿ ಪುಸ್ತಕದ ನಾಲ್ಕು ಗೆರೆಗಳನ್ನು ಕನ್ನಡಕ್ಕೆ ಹೊಂದಿಸಲು ಹೋದರೆ ಒತ್ತಕ್ಷರಕ್ಕೆ ಜಾಗವೇ ಉಳಿಯುವುದಿಲ್ಲ.

ಎರಡು ಪೆನ್ಸಿಲ್‌ಗಳನ್ನು ಮೊನೆ ಸಮವಾಗಿರುವಂತೆ ಜೋಡಿಸಿ ರಬ್ಬರ್ ಬ್ಯಾಂಡ್‌ಗಳಿಂದ ಬಿಗಿಯಿರಿ. ಎರಡು ಮೊನೆಗಳೂ ಹಾಳೆಗೆ ತಾಗಬೇಕು. ಸಾಲಿಗೆ ಸುಮಾರು 45 ಡಿಗ್ರಿ ಓರೆಯಾಗಿ ಹಿಡಿದು, ಮಣಿಕಟ್ಟು ತಿರುಗಿಸದೆ ‘ರ’ ಬರೆಯಿರಿ. ಜೋಡಿ ಗೆರೆಗಳು ಒಂದು ಕಡೆ ದೂರವಾಗುತ್ತವೆ, ಇನ್ನೊಂದು ಕಡೆ ಹತ್ತಿರ ಬಂದು ಕೂಡಿಕೊಳ್ಳುತ್ತವೆ. ದಪ್ಪ, ತೆಳು ಎರಡೂ ತಾವಾಗಿಯೇ ಮೂಡುತ್ತವೆ. ಚಪ್ಪಟೆ ಮೊನೆಯ ಪೆನ್ನು, ಬೋರ್ಡ್ ಬರೆಯುವವರ ಚಪ್ಪಟೆ ಕುಂಚ ಕೆಲಸ ಮಾಡುವುದು ಇದೇ ರೀತಿ. ಕೋನ ಬದಲಾಯಿತೋ, ಅಕ್ಷರದಿಂದ ಅಕ್ಷರಕ್ಕೆ ದಪ್ಪ ಬದಲಾಗುತ್ತದೆ.

ಊರಿನಿಂದ ಊರಿಗೆ

ಅಭ್ಯಾಸಕ್ಕೆ ಬಸ್ಸಿನ ಫಲಕಗಳಲ್ಲಿ ನಿತ್ಯ ನೋಡುವ ಹೆಸರುಗಳೇ ಸಾಕು. ಆದರೆ ಹೇಳಿದ ಕ್ರಮದಲ್ಲೇ ಬರೆಯಿರಿ.

‘ಗದಗ’ ಮೊದಲು. ಗುಡಿಸಿಲ್ಲ, ಕೊಂಬಿಲ್ಲ, ಒತ್ತಿಲ್ಲ. ಮುಂದಿನಿಂದ ಓದಿದರೂ ಹಿಂದಿನಿಂದ ಓದಿದರೂ ಅದೇ ಹೆಸರು. ಅಕ್ಷರಗಳ ನಡುವಿನ ಅಂತರ ಕಲಿಯಲು ಇದಕ್ಕಿಂತ ಒಳ್ಳೆಯ ಪದ ನನಗೆ ಸಿಕ್ಕಿಲ್ಲ. ‘ಗ’ ಕೆಳಗೆ ಬಾಯಿ ತೆರೆದ ಕಮಾನು, ‘ದ’ಕ್ಕೆ ದುಂಡು ಹೊಟ್ಟೆ. ದುಂಡು ಅಕ್ಷರದ ಮೂಲೆಗಳಲ್ಲಿ ಬಿಳಿ ಜಾಗ ತಾನಾಗಿ ಉಳಿಯುವುದರಿಂದ ಅದನ್ನು ಪಕ್ಕದ ಅಕ್ಷರಕ್ಕೆ ತುಸು ಹತ್ತಿರ ತರಬೇಕು. ಬರೆದ ಮೇಲೆ ಹಾಳೆಯನ್ನು ತಲೆಕೆಳಗು ಮಾಡಿ. ಆಗ ಅಕ್ಷರ ಓದಲು ಬರುವುದಿಲ್ಲ, ನಡುವಿನ ಎರಡು ಬಿಳಿ ಜಾಗಗಳು ಮಾತ್ರ ಎದ್ದು ಕಾಣುತ್ತವೆ. ಅವೆರಡೂ ಕಣ್ಣಿಗೆ ಸಮ ಎನಿಸುವವರೆಗೆ ‘ದ’ವನ್ನು ಸರಿಸಿ. ಇಲ್ಲಿ ಕೊನೆಯ ಮಾತು ಕಣ್ಣಿನದು, ಸ್ಕೇಲಿನದಲ್ಲ.

‘ಧಾರವಾಡ’ ಎರಡನೆಯದು. ಸಾಲನ್ನು ನಾಲ್ಕು ಸಮ ಚೌಕ ಮಾಡಿ ಒಂದೊಂದರಲ್ಲಿ ಒಂದು ಅಕ್ಷರ ತುಂಬಿದರೆ ‘ಧಾ’ ಇಕ್ಕಟ್ಟಿನಲ್ಲಿ ಸಿಲುಕುತ್ತದೆ, ‘ರ’ ಒಂಟಿಯಾಗಿ ನಿಲ್ಲುತ್ತದೆ. ಇಳಿ ಬಂದ ‘ಧಾ’, ‘ವಾ’ಗಳಿಗೆ ಸುಮಾರು ಒಂದೂವರೆ ಪಾಲು, ‘ರ’, ‘ಡ’ಗಳಿಗೆ ಒಂದೊಂದು ಪಾಲು ಕೊಡಿ. ‘ಧ’ದ ಅಡಿಯ ಸಣ್ಣ ಗೀಟನ್ನು ಮರೆಯಬೇಡಿ. ದೂರದಿಂದ ನೋಡುವವರಿಗೆ ಅದನ್ನು ‘ದ’ದಿಂದ ಬೇರ್ಪಡಿಸುವ ಗುರುತು ಅದೇ.

‘ಹಾವೇರಿ’ಯಲ್ಲಿ ಮೇಲಿನ ಪಟ್ಟಿಗೆ ಕೆಲಸ. ‘ವೇ’ಯ ಏತ್ವ, ‘ರಿ’ಯ ಗುಡಿಸು ತಲೆಕಟ್ಟಿನ ಮೇಲೆ ಹೇರಿದ ಚಿಹ್ನೆಗಳಲ್ಲ, ತಲೆಕಟ್ಟಿನ ಜಾಗಕ್ಕೇ ಬರುವಂಥವು. ಮೊದಲು ತಲೆಕಟ್ಟು ಹಾಕಿ ಆಮೇಲೆ ಗುಡಿಸು ಸೇರಿಸಲು ಹೋಗಬೇಡಿ.

‘ಹುಬ್ಬಳ್ಳಿ’ ಎಲ್ಲಕ್ಕಿಂತ ಕಷ್ಟ. ಕೊಂಬು, ಗುಡಿಸು, ಎರಡು ಒತ್ತು ಎಲ್ಲವೂ ಒಂದೇ ಪದದಲ್ಲಿವೆ. ಸಾಲದೆಂಬಂತೆ ನಡುವಿನ ‘ಬ’ಕ್ಕೆ ತಲೆಕಟ್ಟು ಇಲ್ಲ. ಖ, ಜ, ಟ, ಣ, ಬ, ಲಗಳಿಗೆ ತಲೆಕಟ್ಟಿಲ್ಲ ಎಂಬುದು ಕನ್ನಡ ಓದುವ ಎಲ್ಲರ ಕಣ್ಣಿಗೂ ಗೊತ್ತು, ಆದರೂ ಕೈ ಅಭ್ಯಾಸಬಲದಿಂದ ಎಳೆದುಬಿಡುತ್ತದೆ. ಒತ್ತಿನ ಎತ್ತರ ಮೈಯ ಅರ್ಧಕ್ಕಿಂತ ಕಡಿಮೆಯಾಗದಿರಲಿ. ಒತ್ತನ್ನು ಕಿರಿದಾಗಿಸಿದಾಗ ಅದರ ಗೆರೆಯೂ ಸೊರಗುತ್ತದೆ. ಗೆರೆಯ ದಪ್ಪವನ್ನು ಮಾತ್ರ ಮೇಲಿನ ಅಕ್ಷರದ ಹತ್ತಿರಕ್ಕೆ ಇಟ್ಟುಕೊಳ್ಳಿ.

ಕಣ್ಣು ಪಳಗಲು ನಮ್ಮ ಸುತ್ತ ಬೇಕಾದಷ್ಟಿದೆ. ಗದಗ-ಬೆಟಗೇರಿಗೆ ಮುದ್ರಣ ಕಾಶಿ ಎಂಬ ಹೆಸರೇ ಇದೆ. ಮುದ್ರಣಾಲಯದಲ್ಲಿ ಕೆಟ್ಟುಹೋದ ಕ್ಯಾಲೆಂಡರ್ ಹಾಳೆ ಕೇಳಿದರೆ ಯಾರೂ ಬೇಡವೆನ್ನುವುದಿಲ್ಲ. ಅಂಕಿಗಳ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ತಿದ್ದಿ. ಲಕ್ಕುಂಡಿಗೆ ಹೋದರೆ ಶಾಸನಗಳ ಮುಂದೆ ನಿಂತು, ಕಲ್ಲಿನಲ್ಲಿ ಸಾಲು ಹೇಗೆ ಹಿಡಿದಿದ್ದಾರೆ ಎಂದು ಗಮನಿಸಿ. ಅಕ್ಷರ ಮುಟ್ಟಬೇಡಿ, ಫೋಟೊ ಸಾಕು. ಮುಂದೆ ಇದನ್ನೇ ಓದಬೇಕೆನ್ನುವವರಿಗೆ ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳಿವೆ. ಗದಗದಲ್ಲಿ ಟಿ.ಪಿ. ಅಕ್ಕಿ, ಧಾರವಾಡದಲ್ಲಿ ಡಿ.ವಿ. ಹಾಲಭಾವಿ ಅವರು ಕಲಾಶಾಲೆ ಕಟ್ಟಿ ತಲೆಮಾರುಗಳಿಗೆ ಕಲಿಸಿದ ನೆಲ ಇದು. ದೂರದ ಊರಿಗೆ ಹೋಗದೆಯೇ ಚಿತ್ರಕಲೆ ಓದಬಹುದು.

ಕೊನೆಗೆ ಭಿತ್ತಿಪತ್ರ

ರಾಜ್ಯೋತ್ಸವಕ್ಕೆ ಒಂದು ಭಿತ್ತಿಪತ್ರ ಮಾಡಿ. ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ ಎಂಬುದು ಬಳಕೆಯ ಲೆಕ್ಕ. ಶಾಲೆಯ ಪಡಸಾಲೆಯಲ್ಲಿ ಇಪ್ಪತ್ತು ಅಡಿಯಿಂದ ಓದಬೇಕಾದರೆ ಎರಡು ಇಂಚು. ಕನ್ನಡದಲ್ಲಿ ಈ ಎತ್ತರವನ್ನು ಮೈಗೆ ಮಾತ್ರ ಹಿಡಿಯಿರಿ, ಒತ್ತು, ಗುಡಿಸುಗಳನ್ನು ಸೇರಿಸಬೇಡಿ. ಎರಡು ಬಣ್ಣ ಸಾಕು. ಅಕ್ಷರಕ್ಕೆ ನೆರಳು, ಅಂಚು, ಮಿಂಚು ಹಾಕುವ ಚಪಲವನ್ನು ತಡೆಯಿರಿ. ಸಾಲುಗಳ ನಡುವೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗದಷ್ಟು ಜಾಗ ಬಿಡಿ. ಕಂಪ್ಯೂಟರಿನಲ್ಲಿ ಮಾಡುವವರು ಅಕ್ಷರವನ್ನು ಅಡ್ಡಕ್ಕೆ ಎಳೆದು ಹಿಗ್ಗಿಸಬೇಡಿ. ಊರಿನ ಫ್ಲೆಕ್ಸ್‌ಗಳಲ್ಲಿ ಕನ್ನಡ ಚಪ್ಪಟೆಯಾಗಿ ನರಳುತ್ತಿರುವುದು ಇದರಿಂದಲೇ. ಜಾಗ ತುಂಬಬೇಕಿದ್ದರೆ ಅಕ್ಷರದ ಗಾತ್ರವನ್ನೇ ಹೆಚ್ಚಿಸಿ.

ಗೋಡೆಗೆ ಅಂಟಿಸುವ ಮುನ್ನ ಇಪ್ಪತ್ತು ಅಡಿ ದೂರದಲ್ಲಿ ಗೆಳೆಯರೊಬ್ಬರನ್ನು ನಿಲ್ಲಿಸಿ ಓದಿಸಿ. ‘ಳ್ಳಿ’ಯನ್ನು ‘ಳ್ಳ’ ಎಂದು ಓದಿದರೆ ಗುಡಿಸು ಚಿಕ್ಕದಾಗಿದೆ. ತಡವರಿಸಿ ಓದಿದರೆ ಅಂತರದಲ್ಲಿ ದೋಷವಿದೆ, ಹಾಳೆಯನ್ನು ಇನ್ನೊಮ್ಮೆ ತಲೆಕೆಳಗು ಮಾಡಿ ನೋಡಿ.